ಆಟದ ನಡುವೆ ಆರಿಹೋಗುವ ಲ್ಯಾಪ್‌ಟಾಪು: ನಮ್ಮ ತಾಲೂಕುಗಳ ವಿದ್ಯಾರ್ಥಿ ಬಂಧುಗಳಿಗೊಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ವಿದ್ಯಾರ್ಥಿ ಬಂಧುಗಳಿಗೂ ಅವರ ತಂದೆತಾಯಿಗಳಿಗೂ,

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತ ಬಂದಂತೆಲ್ಲ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಹಿಡಿದುಕೊಂಡು ನನ್ನ ಮನೆಯ ಬಾಗಿಲಿಗೆ ಬರುವ ತರುಣರ ಸಂಖ್ಯೆಯೂ ಬೆಳೆಯುತ್ತ ಹೋಗುವುದನ್ನು ನಾನು ಹಲವು ವರ್ಷಗಳಿಂದ ಕಾಣುತ್ತಿದ್ದೇನೆ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ: ಪಾಠ ನೋಡುವಾಗ, ಪ್ರಾಜೆಕ್ಟಿನ ವರದಿಯನ್ನು ಟೈಪು ಮಾಡುವಾಗ ಯಾವ ತಕರಾರೂ ಇಲ್ಲದೆ ನಡೆಯುವ ಯಂತ್ರವು, ವ್ಯಾಲೊರಂಟನ್ನೋ ಜಿಟಿಎಯನ್ನೋ ತೆರೆದು ಆಡತೊಡಗಿದ ಕಾಲು ಗಂಟೆ ಅರ್ಧ ಗಂಟೆಯೊಳಗೆ, ಮುನ್ಸೂಚನೆಯಿಲ್ಲದೆ ಪರದೆ ಕಪ್ಪಾಗಿ, ಫ್ಯಾನಿನ ಸದ್ದೂ ಅಡಗಿ, ಸ್ತಬ್ಧವಾಗಿಬಿಡುತ್ತದೆ. ಇದಕ್ಕೆ ಒಬ್ಬರು ವೈರಸ್ ಹೊಕ್ಕಿದೆ ಎನ್ನುವರು. ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಎಂದು ಹೇಳಿ ಯಂತ್ರದ ಅರ್ಧ ಬೆಲೆಯ ಲೆಕ್ಕವನ್ನು ಕೈಗೆ ಕೊಡುವರು. ಮನೆಯ ಹಿರಿಯರು ಆಟವೇ ಸಕಲ ಅನರ್ಥಕ್ಕೂ ಮೂಲವೆಂದು ನಿರ್ಣಯಿಸಿ ಹುಡುಗನನ್ನು ಗದರಿಸುವರು. ಈ ಮೂರು ನಿರ್ಣಯಗಳೂ ಪರೀಕ್ಷೆಗೆ ಮುಂಚೆಯೇ ಹೊರಬಿದ್ದವುಗಳು, ಆದಕಾರಣವೇ ಬಹುಮಟ್ಟಿಗೆ ಸುಳ್ಳಾಗತಕ್ಕವುಗಳು ಎಂಬುದನ್ನು ತಮ್ಮೆಲ್ಲರ ಮುಂದೆ ನಿವೇದಿಸುವುದಕ್ಕಾಗಿ, ಮತ್ತು ಒಂದು ರೂಪಾಯಿಯನ್ನೂ ಖರ್ಚು ಮಾಡುವುದಕ್ಕೆ ಮೊದಲು ಯಾವ ಅನುಕ್ರಮದಿಂದ ಯಂತ್ರವನ್ನು ಪರೀಕ್ಷಿಸಬೇಕೆಂಬುದನ್ನು ತಿಳಿಸುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊಟ್ಟಮೊದಲು ಆ ಆಕಸ್ಮಿಕ ನಿಲುಗಡೆಯ ಸ್ವರೂಪವನ್ನೇ ಅರಿಯಬೇಕು. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಂಡಿಕೆಯ ನೂಲು ತೀರಿದರೆ, ಅಥವಾ ಹೊಕ್ಕಿನ ಎಳೆ ನಡುವೆ ಹರಿದರೆ, ಆ ಎಳೆ ಇದೆಯೋ ಇಲ್ಲವೋ ಎಂಬುದನ್ನು ಮಗ್ಗ ಓಡುತ್ತಿರುವಾಗಲೇ ಮುಟ್ಟಿ ನೋಡುವ ಸಣ್ಣದೊಂದು ಕವಲುಕಡ್ಡಿಯು ಮಗ್ಗವನ್ನು ತಾನಾಗಿಯೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸದಿದ್ದರೆ ಬರಿಯ ಹಾಸು ಸುತ್ತಿಕೊಳ್ಳುತ್ತ ಹೋಗಿ ಸೀರೆ ಕೆಡುತ್ತದೆ. ಮಗ್ಗ ನಿಂತಿತೆಂದು ಯಾವ ನೇಕಾರನೂ ಮಗ್ಗ ಕೆಟ್ಟಿತೆಂದು ಕೂಗಿಕೊಳ್ಳುವುದಿಲ್ಲ, ಹರಿದ ಎಳೆಯನ್ನು ಹುಡುಕುತ್ತಾನೆ. ಲ್ಯಾಪ್‌ಟಾಪಿನ ಒಳಗೂ ಇಂಥದೇ ಕಾವಲು ಉಂಟು. ಪ್ರೊಸೆಸರಿನ ಒಡಲಿನಲ್ಲಿಯೇ ಉಷ್ಣತೆಯನ್ನು ಅಳೆಯುವ ಸಂವೇದಕಗಳಿದ್ದು, ಇಂಟೆಲ್ಲಿನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ೧೦೦ ಡಿಗ್ರಿ ಸೆಲ್ಸಿಯಸ್, ಎಎಮ್‌ಡಿಯ ಅನೇಕವುಗಳಲ್ಲಿ ೯೫ರಿಂದ ೧೦೫ ಡಿಗ್ರಿ, ಪರಮಾವಧಿಯೆಂದು ಗೊತ್ತುಪಡಿಸಲ್ಪಟ್ಟಿರುತ್ತದೆ. ಆ ಎಲ್ಲೆಯನ್ನು ಮುಟ್ಟಿದೊಡನೆ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಆಟವು ಜಗ್ಗಿ ಜಗ್ಗಿ ನಡೆಯತೊಡಗುವುದು ಆಗಲೇ. ತಗ್ಗಿಸಿದರೂ ಕಾವು ಇಳಿಯದೆ ಹೋದರೆ, ಸುಟ್ಟುಹೋಗುವುದಕ್ಕಿಂತ ನಿಂತುಹೋಗುವುದೇ ಲೇಸೆಂಬಂತೆ ವಿದ್ಯುತ್ತನ್ನು ಕಡಿದುಕೊಳ್ಳುತ್ತದೆ.

ಈ ಕಾವಲು ಎಲ್ಲ ಕಾಲಕ್ಕೂ ಇದ್ದದ್ದಲ್ಲ. ೨೦೦೧ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪರೀಕ್ಷಕ ತಂಡದವರು, ಗಣಕದಲ್ಲಿ ಆಟ ನಡೆಯುತ್ತಿರುವಾಗಲೇ ಪ್ರೊಸೆಸರಿನ ಮೇಲೆ ಕೂತು ಕಾವನ್ನು ಸೆಳೆಯುವ ಹೀಟ್‌ಸಿಂಕನ್ನು ಕಿತ್ತು ತೆಗೆದು, ಆಗುವುದೇನೆಂಬುದನ್ನು ಚಲನಚಿತ್ರವಾಗಿ ಹಿಡಿದಿದ್ದರು. ಪೆಂಟಿಯಮ್ ೪ ಎಂಬ ಪ್ರೊಸೆಸರು ವೇಗ ತಗ್ಗಿಸಿ ಬದುಕಿಕೊಂಡಿತು. ಅಂದಿನ ಅಥ್ಲಾನ್ ಎಂಬ ಇನ್ನೊಂದು ಪ್ರೊಸೆಸರು ಕ್ಷಣಾರ್ಧದಲ್ಲಿ ಹೊಗೆಯೆದ್ದು ಸುಟ್ಟುಹೋಯಿತು. ಇಂದು ತಮ್ಮ ಕೈಯಲ್ಲಿರುವ ಯಂತ್ರವು ಸುಡದೆ ಆರಿಹೋಗುತ್ತಿದ್ದರೆ, ಅದಕ್ಕೆ ಆ ಬಳಿಕ ಸರ್ವತ್ರ ರೂಢಿಗೆ ಬಂದ ಈ ರಕ್ಷಣೆಯೇ ಕಾರಣ. ಬಯೋಸಿನಲ್ಲಿ ಏನೋ ತಿದ್ದಿ ಈ ನಿಲುಗಡೆಯನ್ನು ತಪ್ಪಿಸಬಹುದೆಂದು ಯಾರಾದರೂ ಉಪದೇಶಿಸಿದರೆ, ದಯವಿಟ್ಟು ಕಿವಿಗೊಡಬೇಡಿರಿ.

ಇನ್ನು ಕಾವು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗತಕ್ಕದ್ದು ಎಂಬ ವಿಚಾರ. ಲೇಖನ ಬರೆಯುವಾಗ ಹತ್ತು ಹದಿನೈದು ವ್ಯಾಟ್ ವಿದ್ಯುತ್ತಿನಲ್ಲಿ ತೃಪ್ತಿಪಡುವ ಯಂತ್ರವು, ಆಟದ ವೇಳೆಯಲ್ಲಿ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಚಿಪ್ಪು ಎರಡೂ ಏಕಕಾಲಕ್ಕೆ ದುಡಿಯುವುದರಿಂದ, ನೂರು ವ್ಯಾಟನ್ನೂ ಮೀರಿ ಸೆಳೆಯಬಲ್ಲುದು. ಸೆಳೆದದ್ದೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸತಕ್ಕದ್ದು ಪದಾರ್ಥ ವಿಜ್ಞಾನದ ನಿಯಮ. ಉಗುರಿನಗಲದ ಚಿಪ್ಪಿನಲ್ಲಿ ಹುಟ್ಟಿದ ಈ ಶಾಖವು ಥರ್ಮಲ್ ಪೇಸ್ಟ್ ಎಂಬ ತೆಳುವಾದ ಲೇಪವನ್ನು ದಾಟಿ ತಾಮ್ರದ ತಗಡಿಗೆ, ಅಲ್ಲಿಂದ ಚಪ್ಪಟೆಯಾದ ತಾಮ್ರದ ನಳಿಗೆಗೆ, ನಳಿಗೆಯ ತುದಿಯಲ್ಲಿ ಒತ್ತೊತ್ತಾಗಿ ನಿಂತ ಲೋಹದ ರೆಕ್ಕೆಗಳಿಗೆ ಬಂದು, ಆ ರೆಕ್ಕೆಗಳ ಸಂದಿನಲ್ಲಿ ಫ್ಯಾನು ನೂಕುವ ಗಾಳಿಯೊಡನೆ ಹೊರಬೀಳಬೇಕು. ತಾಮ್ರದ ಆ ನಳಿಗೆಯೂ ಬರಿಯ ಲೋಹವಲ್ಲ. ೧೯೬೩ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಎಂಬವರು ಪ್ರಯೋಗದಿಂದ ತೋರಿಸಿಕೊಟ್ಟ ತತ್ತ್ವದಂತೆ, ಗಾಳಿ ತೆಗೆದ ಅದರ ಒಡಲಿನಲ್ಲಿ ಅತ್ಯಲ್ಪ ಪ್ರಮಾಣದ ದ್ರವವಿದ್ದು, ಅದು ಕಾವೇರಿದ ತುದಿಯಲ್ಲಿ ಆವಿಯಾಗಿ ತಂಪಾದ ತುದಿಯಲ್ಲಿ ಹನಿಗಟ್ಟಿ ಮರಳುತ್ತ, ಶಾಖವನ್ನು ಅತಿ ಶೀಘ್ರವಾಗಿ ಸಾಗಿಸುತ್ತಿರುತ್ತದೆ. ಇಷ್ಟು ಸೊಗಸಾದ ಏರ್ಪಾಡೆಲ್ಲವೂ ಕೊನೆಗೆ ಅವಲಂಬಿಸಿರುವುದು, ಒಂದು ಬೆರಳಿನಷ್ಟು ದಪ್ಪದ ಬಾಯಿಯಿಂದ ಗಾಳಿ ಸರಾಗವಾಗಿ ಹೊರಹೋಗುವುದನ್ನು. ಆ ಬಾಯಿ ಕಟ್ಟಿತೋ, ಮಿಕ್ಕದ್ದೆಲ್ಲ ವ್ಯರ್ಥ.

ನಮ್ಮ ಸೀಮೆಯಲ್ಲಿ ಆ ಬಾಯಿ ಬೇಗ ಕಟ್ಟುತ್ತದೆ; ನಾನು ಮುಖ್ಯವಾಗಿ ಹೇಳಬಯಸುವ ಮಾತೇ ಇದು. ಈ ಯಂತ್ರಗಳ ಗುಣದೋಷಗಳನ್ನು ವರ್ಣಿಸುವವರು ದೂರದ ನಗರಗಳ ತಂಪಾದ ಕೋಣೆಗಳಲ್ಲಿ ಕುಳಿತು ಪರೀಕ್ಷಿಸಿದವರು. ಅವರ ಕೋಣೆಯ ಗಾಳಿಯೂ ಬೇರೆ, ಅದರ ಉಷ್ಣತೆಯೂ ಬೇರೆ. ತಯಾರಕರು ಸಾಮಾನ್ಯವಾಗಿ ೩೫ ಡಿಗ್ರಿಯವರೆಗಿನ ಸುತ್ತಲ ಹವೆಯಲ್ಲಿ ಯಂತ್ರವನ್ನು ನಡೆಯಿಸಬೇಕೆಂದು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ನಮ್ಮಲ್ಲಿಯಾದರೋ ಚೈತ್ರ ವೈಶಾಖಗಳಲ್ಲಿ ಹೊರಗಿನ ಬಿಸಿಲು ೪೦ರ ಆಸುಪಾಸಿಗೆ ಏರುವುದು ಸರ್ವೇಸಾಮಾನ್ಯ. ಚಿಪ್ಪಿನ ಕಾವು ಸುತ್ತಲಿನ ಗಾಳಿಯ ಕಾವಿನ ಮೇಲೆ ಕಟ್ಟಿದ್ದು. ಗಾಳಿ ಎಷ್ಟು ಡಿಗ್ರಿ ಏರುತ್ತದೆಯೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನ ೨೫ ಡಿಗ್ರಿಯ ಕೋಣೆಯಲ್ಲಿ ೮೫ನ್ನು ತೋರಿಸಿದ ಯಂತ್ರವೇ ಜಮಖಂಡಿಯ ೩೮ ಡಿಗ್ರಿಯ ಕೋಣೆಯಲ್ಲಿ ೯೮ರ ಬಳಿಗೆ ಬರುವುದು ಆಶ್ಚರ್ಯವಲ್ಲ; ಅಲ್ಲಿಂದ ಎಲ್ಲೆಗೆ ಎರಡೇ ಹೆಜ್ಜೆ. ರಾತ್ರಿಯ ಹೊತ್ತು ಆಡಿದರೆ ತಂಪಿರುತ್ತದೆ ಎಂಬ ನಂಬಿಕೆಯೂ ಆರ್‌ಸಿಸಿ ಮನೆಗಳಲ್ಲಿ ಸಲ್ಲದು. ಹಗಲೆಲ್ಲ ಕಾದ ಸ್ಲ್ಯಾಬು ತಾನು ಹೀರಿದ ಕಾವನ್ನು ಮುಸ್ಸಂಜೆಯಿಂದ ನಡುರಾತ್ರಿಯವರೆಗೂ ಒಳಗೆ ಬಿಡುತ್ತಿರುವುದರಿಂದ, ಒಂಬತ್ತು ಗಂಟೆಯ ವೇಳೆಗೆ ಅಂಗಳಕ್ಕಿಂತ ಕೋಣೆಯೇ ಬಿಸಿಯಾಗಿರುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳುಳ್ಳವರು ಈ ವಿಷಯದಲ್ಲಿ ಭಾಗ್ಯಶಾಲಿಗಳು. ಪತ್ರಾಸಿನ ಮಾಡಿನ ಕೆಳಗಿರುವವರು ಮಧ್ಯಾಹ್ನದ ಆಟವನ್ನಂತೂ ಬಿಡುವುದೇ ಕ್ಷೇಮ.

ಗಾಳಿಯ ಕಾವಿಗಿಂತಲೂ ಗಾಳಿಯಲ್ಲಿ ಬೆರೆತದ್ದು ಹೆಚ್ಚು ಅಪಾಯಕಾರಿ. ಬೀಳಗಿ ಜಮಖಂಡಿಗಳ ಕಡೆ ಎರೆಮಣ್ಣಿನ ನವುರಾದ ಧೂಳು. ಮುಧೋಳದ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ರವದಿ ಸುಟ್ಟ ಹೊಗೆ, ಮನೆಯ ಮಾಳಿಗೆಯ ಮೇಲೆ ಬಂದು ಬೀಳುವ ಕಪ್ಪು ಬೂದಿ. ರಬಕವಿ-ಬನಹಟ್ಟಿಯಲ್ಲಿ ಹಗಲಿರುಳು ದುಡಿಯುವ ಮಗ್ಗಗಳಿಂದ ಏಳುವ ಹತ್ತಿಯ ಸಣ್ಣ ನಾರು. ಬರಿಯ ಮಣ್ಣಿನ ಧೂಳಾಗಿದ್ದರೆ ಅದರ ಬಹುಪಾಲು ಫ್ಯಾನಿನ ಗಾಳಿಗೆ ರೆಕ್ಕೆಗಳ ಸಂದಿನಿಂದ ಹಾರಿಹೋಗುತ್ತಿತ್ತು. ನಾರು ಹಾಗಲ್ಲ. ಅದು ರೆಕ್ಕೆಗಳ ಮೂತಿಗೆ ಅಡ್ಡಲಾಗಿ ಸಿಕ್ಕಿಕೊಂಡು, ಎಳೆಗೆ ಎಳೆ ಹೆಣೆದುಕೊಂಡು ಜಾಲರಿಯಾಗುತ್ತದೆ. ಆ ಜಾಲರಿಯ ಕಣ್ಣುಗಳನ್ನು ಮಣ್ಣೂ ಬೂದಿಯೂ ಬಂದು ತುಂಬುತ್ತವೆ. ಮಗ್ಗದ ಖೋಲಿಗೂ ಓದುವ ಕೋಣೆಗೂ ನಡುವೆ ಒಂದೇ ಗೋಡೆಯಿರುವ ಮನೆಗಳಲ್ಲಿ, ಬೇರೆಡೆ ಎರಡು ಮೂರು ವರ್ಷಗಳಲ್ಲಿ ಆಗಬಹುದಾದ ಈ ಕಟ್ಟು ಕೆಲವೇ ತಿಂಗಳುಗಳಲ್ಲಿ ಆಗಿರುವುದನ್ನು ನಾನು ಕಂಡಿದ್ದೇನೆ.

ಇಂಥ ಒಂದು ಯಂತ್ರವನ್ನು ಬಿಚ್ಚಿದಾಗ ಕಂಡದ್ದನ್ನು ಇಲ್ಲಿ ಹೇಳಬೇಕು. ಬಿಸಿಎ ಓದುವ ಬನಹಟ್ಟಿಯ ಹುಡುಗನೊಬ್ಬ ತನ್ನ ತಾಯಿಯೊಡನೆ ಬಂದಿದ್ದ. "ಸರ್, ಆಟ ಆಡಿ ಆಡಿ ಮಷೀನ ಸುಟ್ಟಾನ ನೋಡ್ರಿ. ಕಂತು ಇನ್ನೂ ಮುಗದಿಲ್ಲ, ಹೊಸಾದು ಎಲ್ಲಿಂದ ತರೂಣ್ರಿ?" ಎಂದು ಆ ತಾಯಿ ಕೇಳಿದಳು. ಅಂಗಡಿಯೊಂದರಲ್ಲಿ ಆಗಲೇ ಅದಕ್ಕೆ ಗಾಳಿ ಹೊಡೆಸಿದ್ದರು. ಹೊರಗಿನ ಕಿಂಡಿಯಿಂದ ಇಣುಕಿದರೆ ರೆಕ್ಕೆಗಳು ಹೊಸದರಂತೆ ಹೊಳೆಯುತ್ತಿದ್ದವು. ತಳದ ಮುಚ್ಚಳವನ್ನು ತೆಗೆದು, ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಫ್ಯಾನಿನ ಮೂರು ಸ್ಕ್ರೂಗಳನ್ನು ಕಳಚಿ ಅದನ್ನು ಮೆಲ್ಲನೆ ಎತ್ತಿದಾಗ, ಫ್ಯಾನಿನ ಬಾಯಿಗೂ ರೆಕ್ಕೆಗಳ ಒಳಮುಖಕ್ಕೂ ನಡುವೆ, ಹೊರಗಿನಿಂದ ಯಾವ ಕಣ್ಣಿಗೂ ಬೀಳದ ಸ್ಥಳದಲ್ಲಿ, ರೆಕ್ಕೆಗಳ ಉದ್ದಕ್ಕೂ ಹಬ್ಬಿದ ದಪ್ಪನೆಯ ಪಟ್ಟಿಯೊಂದು ಕಂಡಿತು. ಚಿಮುಟದಿಂದ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಬಂದಿತು. ಬೆಳಕಿಗೆ ಹಿಡಿದರೆ ಆಚೆಯದು ಕಾಣಲಿಲ್ಲ. ಬೂದುಬಣ್ಣದ ಆ ಪಟ್ಟಿಯ ನಡುನಡುವೆ ಗುಲಾಬಿ ಮತ್ತು ಹಸುರು ಎಳೆಗಳು ಮಿಂಚುತ್ತಿದ್ದುದನ್ನು ನೋಡಿ ತಾಯಿ ಹತ್ತಿರ ಬಾಗಿ, "ಇದು ನಮ್ಮ ಮಗ್ಗದ ನೂಲರೀ" ಎಂದಳು. ಅಂದೇ ಅದೇ ಆಟವನ್ನು ಅದೇ ಹುಡುಗನಿಂದ ಆಡಿಸಿ ನೋಡಿದಾಗ, ನೂರರ ಅಂಚಿಗೆ ಹೋಗಿ ನಿಲ್ಲುತ್ತಿದ್ದ ಕಾವು ಎಂಬತ್ತೈದರ ಆಸುಪಾಸಿನಲ್ಲಿಯೇ ಉಳಿಯಿತು, ಯಂತ್ರ ಆರಲಿಲ್ಲ. ಆ ಮದರ್‌ಬೋರ್ಡಿಗೆ ಯಾವ ರೋಗವೂ ಇರಲಿಲ್ಲ. ಹೊರಗಿನಿಂದ ಹೊಡೆಸಿದ ಗಾಳಿಯು ಕಸವನ್ನು ಹೊರಗೆ ತರದೆ, ಒಳಕ್ಕೆ ನೂಕಿ ಫ್ಯಾನಿನ ಬಾಯಿಗೇ ಒತ್ತಿತ್ತು.

ಹಾಗೆಂದು ಪ್ರತಿಯೊಂದು ಯಂತ್ರವನ್ನೂ ಕೂಡಲೇ ಬಿಚ್ಚಬೇಕೆಂದಲ್ಲ. ಬಿಚ್ಚುವುದಕ್ಕೆ ಮೊದಲು ಮಾಡತಕ್ಕ ಪರೀಕ್ಷೆಗಳು ಬಹಳಷ್ಟಿವೆ, ಮತ್ತು ಅವುಗಳಿಗೆ ಬೇಕಾದುದು ತಾಳ್ಮೆಯೊಂದೇ. ಯಂತ್ರ ಆರುವುದು ಯಾವಾಗ ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿರಿ. ಆಟದ ದೃಶ್ಯ ತೆರೆದೊಡನೆಯೇ, ತಳ ಬಿಸಿಯಾಗುವ ಮೊದಲೇ ಆರಿದರೆ ಅದು ಬಹುಮಟ್ಟಿಗೆ ಕಾವಿನ ದೋಷವಲ್ಲ. ಚಾರ್ಜರನ್ನೋ ಬ್ಯಾಟರಿಯನ್ನೋ ಸಂಶಯಿಸಬೇಕು. ಕಾಲು ಗಂಟೆ ನಡೆದು ಆರಿ, ತಣಿಯಲು ಬಿಡದೆ ಮತ್ತೆ ಹಚ್ಚಿದಾಗ ಐದೇ ನಿಮಿಷದಲ್ಲಿ ಆರಿದರೆ, ಕಾವೇ ಕಾರಣವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ವಿಂಡೋಸಿನ ಇವೆಂಟ್ ವ್ಯೂವರನ್ನು ತೆರೆದು, ಅಲ್ಲಿ ಕರ್ನಲ್-ಪವರ್ ೪೧ ಎಂಬ ದಾಖಲೆಯನ್ನು ಕಂಡು ಗಾಬರಿಯಾಗುವವರು ಅನೇಕರು. ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ನಿಂತಿತ್ತು ಎಂಬಷ್ಟನ್ನೇ ಅದು ಹೇಳುತ್ತದೆ. ಕರೆಂಟು ಹೋದರೂ ಅದೇ ಸಂಖ್ಯೆ, ಕಾವು ಏರಿದರೂ ಅದೇ ಸಂಖ್ಯೆ. ಅದನ್ನು ಆಧಾರವಾಗಿಟ್ಟುಕೊಂಡು ಬೋರ್ಡನ್ನು ಬದಲಿಸಲು ಹೊರಡುವುದು ಅವಿವೇಕ.

ಬಳಿಕ ಎಚ್‌ಡಬ್ಲ್ಯೂ ಇನ್ಫೊದಂಥ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಪ್ರೊಸೆಸರಿನ ಮತ್ತು ಗ್ರಾಫಿಕ್ಸ್ ಚಿಪ್ಪಿನ ಕಾವು ಆಟದ ವೇಳೆಯಲ್ಲಿ ಹೇಗೆ ಏರುತ್ತದೆಂಬುದನ್ನು ನೋಡಬೇಕು. ಏರುವ ಬಗೆಯಲ್ಲಿಯೇ ರೋಗದ ಲಕ್ಷಣವಿದೆ. ನಿಧಾನವಾಗಿ, ನಿಮಿಷ ನಿಮಿಷಕ್ಕೆ ಒಂದೊಂದು ಡಿಗ್ರಿ ಏರುತ್ತ ಹೋಗಿ, ಫ್ಯಾನು ಅಬ್ಬರಿಸುತ್ತಿದ್ದರೂ ಕಿಂಡಿಯ ಬಳಿ ಕೈಯಿಟ್ಟರೆ ಬರುವ ಗಾಳಿ ಕ್ಷೀಣವಾಗಿದ್ದರೆ, ರೆಕ್ಕೆಗಳ ಬಾಯಿ ಕಟ್ಟಿದೆ. ಆಟ ತೆರೆದ ಕೆಲವೇ ಸೆಕೆಂಡುಗಳಲ್ಲಿ ೬೦ರಿಂದ ೧೦೦ಕ್ಕೆ ಹಾರಿ, ಹೊರಬರುವ ಗಾಳಿ ಮಾತ್ರ ಬರಿಯ ಬೆಚ್ಚಗಿದ್ದರೆ, ಶಾಖವು ರೆಕ್ಕೆಗಳವರೆಗೆ ಬರುತ್ತಲೇ ಇಲ್ಲ; ಪೇಸ್ಟು ಒಣಗಿದೆ, ಅಥವಾ ತಾಮ್ರದ ತಗಡು ಚಿಪ್ಪಿಗೆ ಸರಿಯಾಗಿ ಕೂತಿಲ್ಲ. ಫ್ಯಾನಿನ ಸದ್ದೇ ಇಲ್ಲದಿದ್ದರೆ ಅಥವಾ ಕರಕರ ಎನ್ನುತ್ತಿದ್ದರೆ ಫ್ಯಾನೇ ಕೆಟ್ಟಿದೆ. ಅದನ್ನು ಬದಲಿಸುವ ಖರ್ಚು ಬೋರ್ಡಿನದಕ್ಕೆ ಹೋಲಿಸಿದರೆ ಅಲ್ಪ. ಈ ಮೂರು ಲಕ್ಷಣಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವನನ್ನು ಯಾವ ಅಂಗಡಿಯವನೂ ದಾರಿ ತಪ್ಪಿಸಲಾರನು.

ಯಂತ್ರವನ್ನು ಎಲ್ಲಿ ಇಟ್ಟು ಆಡುತ್ತೀರಿ ಎಂಬುದನ್ನೂ ಕೇಳಿಕೊಳ್ಳಿರಿ. ಬಹುತೇಕ ಲ್ಯಾಪ್‌ಟಾಪುಗಳು ಗಾಳಿಯನ್ನು ತಳದಿಂದ ಒಳಗೆಳೆದುಕೊಂಡು ಬದಿಯಿಂದಲೋ ಬೆನ್ನಿನಿಂದಲೋ ಹೊರಬಿಡುವವುಗಳು. ಮಂಚದ ಮೇಲೆ, ಅಜ್ಜಿ ಹೊಲಿದ ಮೆತ್ತನೆಯ ಕೌದಿಯ ಮೇಲೆ ಇಟ್ಟರೆ ತಳದ ಕಿಂಡಿಗಳೆಲ್ಲ ಮುಚ್ಚಿಹೋಗಿ, ಕೌದಿಯ ಎಳೆಗಳೂ ಒಳಗೆ ಸೇರುತ್ತವೆ. ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಬದಿಯನ್ನು ಎರಡು ಬಾಟಲಿ ಮುಚ್ಚಳಗಳಷ್ಟು ಎತ್ತರಿಸಿದರೆ ಸಾಕು, ಹಲವು ಡಿಗ್ರಿ ಇಳಿಯುವುದುಂಟು. ಸಾವಿರಾರು ರೂಪಾಯಿಯ ಕೂಲಿಂಗ್ ಪ್ಯಾಡು ಇದಕ್ಕಿಂತ ಬಹಳ ಹೆಚ್ಚಿನದೇನನ್ನೂ ಸಾಧಿಸದು, ಒಳಗಿನ ದಾರಿಯೇ ಕಟ್ಟಿದ್ದರೆ ಏನನ್ನೂ ಸಾಧಿಸದು. ನಮ್ಮ ಒಣಹವೆಯಲ್ಲಿ ನೀರಿನ ಕೂಲರು ಕೋಣೆಯನ್ನು ನಿಜವಾಗಿಯೂ ತಂಪಾಗಿಸುತ್ತದೆ, ಅದರ ಉಪಯೋಗವನ್ನು ಪಡೆಯಬೇಕು. ಆದರೆ ಕೂಲರಿನ ಬಾಯಿಗೆ ನೇರವಾಗಿ ಯಂತ್ರವನ್ನು ಇಡಕೂಡದು, ಹನಿಗಳು ಒಳಸೇರುವುವು. ಒದ್ದೆ ಬಟ್ಟೆಯನ್ನು ತಳಕ್ಕೆ ಹಾಸುವುದು, ಬಿಸಿಯಾದ ಯಂತ್ರವನ್ನು ಫ್ರಿಜ್ಜಿನಲ್ಲಿ ಇಡುವುದು ಮುಂತಾದ ಸಾಹಸಗಳನ್ನು ಮಾಡಿದವರ ಯಂತ್ರಗಳು ಕಾವಿನಿಂದಲ್ಲದೆ ನೀರಿನಿಂದ ಕೆಡುತ್ತವೆ.

ಸ್ವಚ್ಛಗೊಳಿಸುವ ಕ್ರಮವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು, ಏಕೆಂದರೆ ಗುಣಪಡಿಸಲು ಹೋಗಿ ಕೆಡಿಸಿಕೊಳ್ಳುವುದು ಇಲ್ಲಿಯೇ ಹೆಚ್ಚು. ವಾರಂಟಿ ಇನ್ನೂ ಉಳಿದಿದ್ದರೆ ಅದರ ಷರತ್ತುಗಳನ್ನು ಓದಿ, ಅಧಿಕೃತ ಕೇಂದ್ರಕ್ಕೇ ಒಯ್ಯುವುದು ಲೇಸು. ಇಲ್ಲದಿದ್ದರೆ, ಯಂತ್ರವನ್ನು ಪೂರ್ಣವಾಗಿ ಆರಿಸಿ, ಚಾರ್ಜರನ್ನು ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚುವಾಗ ಯಾವುದು ಎಲ್ಲಿಯದೆಂಬುದು ಮರೆಯದಂತೆ ಕಾಗದದ ಮೇಲೆ ಅದೇ ಸ್ಥಾನಕ್ರಮದಲ್ಲಿ ಅಂಟಿಸಿಡಬೇಕು. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ ಸ್ಕ್ರೂ ಹೋದರೆ ಮೇಲಿನ ಕೀಲಿಮಣೆಯವರೆಗೂ ಚುಚ್ಚಬಲ್ಲುದು. ಮುಚ್ಚಳದ ಪ್ಲಾಸ್ಟಿಕ್ ಕೊಕ್ಕೆಗಳನ್ನು ಬಿಡಿಸಲು ಹಳೆಯ ಎಟಿಎಂ ಕಾರ್ಡು ಸಾಕು, ಚಾಕು ಬೇಡ. ಮುಚ್ಚಳ ತೆಗೆದೊಡನೆ ಮೊದಲನೆಯ ಕೆಲಸ ಬ್ಯಾಟರಿಯ ಸಂಪರ್ಕವನ್ನು ಬೋರ್ಡಿನಿಂದ ಬಿಡಿಸುವುದು. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ, ತಿಳಿದವರಿಂದ ತೆಗೆಸಬೇಕು. ಉಬ್ಬಿದ ಲಿಥಿಯಮ್ ಬ್ಯಾಟರಿಯು ಬೆಂಕಿ ಹಿಡಿಯಬಲ್ಲ ವಸ್ತು. ಎಲ್ಲವೂ ಸರಿಯಿದ್ದರೆ ಫ್ಯಾನನ್ನು ಕಳಚಿ, ಒಳಗಿನ ನಾರಿನ ಪಟ್ಟಿಯನ್ನು ಚಿಮುಟದಿಂದ ಎಳೆದು, ಉಳಿದ ಧೂಳನ್ನು ಮೃದುವಾದ ಬಣ್ಣದ ಕುಂಚದಿಂದ ಕೊಡಹಬೇಕು. ಗಾಳಿ ಊದುವುದಾದರೆ ಫ್ಯಾನಿನ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಹುಚ್ಚಾಪಟ್ಟೆ ತಿರುಗಿದರೆ ಅದರ ಬೇರಿಂಗು ಸವೆದುಹೋಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಯ್ಯುವ ರೂಢಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಅದರ ಟಾಕಿಯಲ್ಲಿ ನೀರೂ ಎಣ್ಣೆಯ ಅಂಶವೂ ಸೇರಿರುತ್ತವೆ. ಅವೆರಡೂ ಬೋರ್ಡಿನ ಮೇಲೆ ಚಿಮ್ಮುವುವು.

ಪೇಸ್ಟನ್ನು ಬದಲಿಸುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ಕೈ ಪಳಗದವರು ಒಮ್ಮೆ ನೋಡಿ ಕಲಿತ ಮೇಲೆಯೇ ಮಾಡಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿ, ಚಿಪ್ಪಿನ ನಡುವೆ ಒಂದೆರಡು ಜೋಳದ ಕಾಳಿನಷ್ಟು ಹೊಸದನ್ನಿಟ್ಟು, ಹೀಟ್‌ಸಿಂಕಿನ ಮೇಲೆ ಅಚ್ಚೊತ್ತಿರುವ ಸಂಖ್ಯೆಗಳ ಕ್ರಮದಲ್ಲಿಯೇ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಕೆಲವು ದುಬಾರಿ ಯಂತ್ರಗಳಲ್ಲಿ ಪೇಸ್ಟಿನ ಬದಲು ದ್ರವಲೋಹವಿರುತ್ತದೆ. ಅದು ವಿದ್ಯುದ್ವಾಹಕ, ಒಂದು ಹನಿ ಜಾರಿದರೂ ಬೋರ್ಡು ಹಾಳು. ಅಂಥವನ್ನು ಮನೆಯಲ್ಲಿ ಬಿಚ್ಚಲೇಬಾರದು.

ಇಷ್ಟಾದ ಮೇಲೂ ನಮ್ಮ ಬೇಸಗೆಯ ಕಾವು ಉಳಿದೇ ಇರುವುದರಿಂದ, ಯಂತ್ರವು ಅನಾವಶ್ಯಕವಾಗಿ ದುಡಿಯದಂತೆ ಮಾಡುವ ಉಪಾಯಗಳು ಬೇಕು. ತಮ್ಮ ಪರದೆ ಸೆಕೆಂಡಿಗೆ ೬೦ ಚಿತ್ರಗಳನ್ನು ಮಾತ್ರ ತೋರಿಸಬಲ್ಲುದಾದರೆ, ಗ್ರಾಫಿಕ್ಸ್ ಚಿಪ್ಪು ೧೪೦ ಚಿತ್ರಗಳನ್ನು ಬಿಡಿಸಿ ಪ್ರಯೋಜನವಿಲ್ಲ. ಆಟದ ಸೆಟ್ಟಿಂಗ್ಸಿನಲ್ಲಿಯೇ ೬೦ರ ಮಿತಿಯನ್ನು ಹಾಕಬಹುದು. ವಿಂಡೋಸಿನ ಪವರ್ ಆಪ್ಷನ್ಸಿನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ೧೦೦ರಿಂದ ೯೯ ಪ್ರತಿಶತಕ್ಕೆ ಇಳಿಸಿದರೆ, ಬಹುತೇಕ ಯಂತ್ರಗಳಲ್ಲಿ ಟರ್ಬೊ ಎಂಬ ಅಧಿಕ ವೇಗದ ಸ್ಥಿತಿ ನಿಂತುಹೋಗಿ, ಕಾವು ಗಮನಾರ್ಹವಾಗಿ ಇಳಿಯುತ್ತದೆ. ಒಂದೇ ಪ್ರತಿಶತ ಇಳಿಸಿದರೆ ಇಷ್ಟು ಫಲ ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಚಿಪ್ಪು ನುಂಗುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಬೆಳೆಯುವುದು. ಟರ್ಬೊ ಸ್ಥಿತಿಯಲ್ಲಿ ವೇಗವೂ ವೋಲ್ಟೇಜೂ ಒಟ್ಟಿಗೇ ಏರುವುದರಿಂದ, ಅದನ್ನು ಬಿಟ್ಟುಕೊಟ್ಟಾಗ ಆಟದಲ್ಲಿ ಕಳೆದುಕೊಳ್ಳುವುದು ಅನೇಕ ವೇಳೆ ಸ್ವಲ್ಪ, ಶಾಖದಲ್ಲಿ ಉಳಿಸುವುದು ಬಹಳ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಯು ಪರೀಕ್ಷೆಗೆಂದು ಓದುವ ಪದಾರ್ಥ ವಿಜ್ಞಾನವೇ ಇಲ್ಲಿ ಅವನ ಮೇಜಿನ ಮೇಲೆ ದುಡಿಯುತ್ತದೆ.

ಚಾರ್ಜರಿನ ಮಾತು ಚುಟುಕಾಗಿ: ಯಂತ್ರದೊಡನೆ ಬಂದ ಅಡಾಪ್ಟರಿನ ಮೇಲೆ ಬರೆದ ವ್ಯಾಟಿಗಿಂತ ಕಡಮೆಯದನ್ನು ಹಚ್ಚಿ ಆಡಬೇಡಿರಿ, ಅದು ಪಾಠಕ್ಕೆ ಸಾಕಾದರೂ ಆಟಕ್ಕೆ ಸಾಲದು. ಕಾವು ಎಂಬತ್ತರೊಳಗೇ ಇದ್ದು ಯಂತ್ರ ಆರುತ್ತಿದ್ದರೆ, ಸ್ನೇಹಿತನ ಅದೇ ಮಾದರಿಯ ಅಡಾಪ್ಟರನ್ನು ಹಚ್ಚಿ ಒಮ್ಮೆ ಪರೀಕ್ಷಿಸಿರಿ.

ತಂದೆತಾಯಿಗಳಲ್ಲಿ ನನ್ನದೊಂದು ವಿಶೇಷ ವಿಜ್ಞಾಪನೆ. ಆಟದಿಂದ ಯಂತ್ರ ಕೆಟ್ಟಿತೆಂಬ ಭಾವನೆಯನ್ನು ತಾವು ಬಿಡಬೇಕು. ಕಟ್ಟಡದ ನಕ್ಷೆ ಬಿಡಿಸುವಾಗ, ಚಲನಚಿತ್ರ ಸಂಕಲಿಸುವಾಗ, ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಹುಟ್ಟುವ ಕಾವೂ ಇದೇ ಬಗೆಯದು. ಇಂದು ಆಟದಲ್ಲಿ ಆರಿದ ಯಂತ್ರ ನಾಳೆ ಪ್ರಾಜೆಕ್ಟನ್ನು ಒಪ್ಪಿಸಬೇಕಾದ ಹಿಂದಿನ ರಾತ್ರಿ ಆರದೆ ಇರದು. ಮಗನೋ ಮಗಳೋ ಎಷ್ಟು ಹೊತ್ತು ಆಡಬೇಕೆಂಬುದು ಮನೆಯೊಳಗಿನ ಶಿಸ್ತಿನ ಪ್ರಶ್ನೆ, ಅದನ್ನು ತಾವು ಬೇರೆಯಾಗಿ ನಿರ್ಣಯಿಸಿಕೊಳ್ಳಿರಿ. ಆದರೆ ಯಂತ್ರ ಕೆಟ್ಟಿತೆಂಬ ಭಯದಿಂದ ಗದರಿಸಿಕೊಂಡ ಹುಡುಗ, ಮುಂದಿನ ಸಲ ಅದು ಆರಿದಾಗ ತಮಗೆ ಹೇಳುವುದೇ ಇಲ್ಲ; ಹೇಳದೆ ಮುಚ್ಚಿಟ್ಟು, ಕಾವಿನಲ್ಲಿಯೇ ಮತ್ತೆ ಮತ್ತೆ ಹಚ್ಚಿ, ವರ್ಷಗಟ್ಟಲೆ ಬಾಳಬೇಕಾದುದನ್ನು ನಿಜವಾಗಿಯೂ ಕೆಡಿಸುತ್ತಾನೆ. ಖಂಡೇನವಮಿಗೆ ಮಗ್ಗಗಳನ್ನು ಬಿಚ್ಚಿ, ನಾರು ತೆಗೆದು, ಎಣ್ಣೆ ಹಾಕಿ, ಪೂಜಿಸುವ ಮನೆಗಳಲ್ಲಿ, ಅಂದೇ ಲ್ಯಾಪ್‌ಟಾಪಿನ ತಳವನ್ನೂ ಬಿಚ್ಚಿ ನಾರು ತೆಗೆಯುವ ಪದ್ಧತಿ ಬರಲಿ. ಮಗ್ಗಕ್ಕೆ ಹತ್ತಿರದ ಮನೆಗಳಲ್ಲಿ ಅದೊಂದು ಸಾಲದು, ಬೇಸಗೆಗೆ ಮುಂಚೆ ಮಾಘಮಾಸದಲ್ಲಿ ಇನ್ನೊಮ್ಮೆ ಬೇಕು.

ದುರಸ್ತಿಯ ಅಂಗಡಿಗಳನ್ನು ನಡೆಸುವ ತರುಣರೂ ಈ ಪತ್ರವನ್ನು ಓದುವರೆಂದು ನಂಬಿದ್ದೇನೆ. ಅವರಲ್ಲಿ ಬಹಳ ಮಂದಿ ಸ್ವಪ್ರಯತ್ನದಿಂದ ಕಲಿತ ಕುಶಲಿಗಳು. ಗಾಳಿ ಹೊಡೆದು ನೂರು ರೂಪಾಯಿ ತೆಗೆದುಕೊಳ್ಳುವುದರ ಬದಲು, ಫ್ಯಾನನ್ನು ಕಳಚಿ ರೆಕ್ಕೆಗಳ ಒಳಮುಖವನ್ನು ಗಿರಾಕಿಗೆ ತೋರಿಸಿ ಐನೂರು ತೆಗೆದುಕೊಂಡರೂ ಯಾರೂ ಅನ್ಯಾಯವೆನ್ನರು.

ವಿದ್ಯಾರ್ಥಿ ಬಂಧುಗಳೇ, ಸ್ವಚ್ಛಗೊಳಿಸಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಆಟವನ್ನು ಮತ್ತೆ ಆಡಿ ನೋಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದರೆ ಮಾತ್ರ ಯಾವುದರಿಂದ ಗುಣವಾಯಿತೆಂಬುದು ತಿಳಿಯುತ್ತದೆ. ಆಗಲೂ ಆರುತ್ತಿದ್ದರೆ ಅಂಗಡಿಗೆ ಹೋಗಲೇಬೇಕು, ಆದರೆ ಬರಿಗೈಯಲ್ಲಿ ಹೋಗಬೇಡಿರಿ. ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿರಿ: ಆಟ ತೆರೆದ ಎಷ್ಟು ನಿಮಿಷಕ್ಕೆ ಆರಿತು, ಆಗ ಪ್ರೊಸೆಸರಿನ ಕಾವು ಎಷ್ಟು, ಗ್ರಾಫಿಕ್ಸ್ ಚಿಪ್ಪಿನದೆಷ್ಟು, ಕೋಣೆಯ ಕಾವು ಎಷ್ಟು, ಚಾರ್ಜರು ಹಚ್ಚಿತ್ತೋ ಇಲ್ಲವೋ, ಒಳಗಿನ ನಾರನ್ನು ಕೊನೆಗೆ ತೆಗೆದದ್ದು ಯಾವ ತಿಂಗಳಲ್ಲಿ. ಆ ಚೀಟಿಯನ್ನು ಮೊದಲು ಮೇಜಿನ ಮೇಲಿಟ್ಟು, ಯಂತ್ರವನ್ನು ಆಮೇಲೆ ಕೊಡಿರಿ.

ಇತಿ ತಮ್ಮ ಹಿತೈಷಿ,
ಬನಹಟ್ಟಿಯ ಒಬ್ಬ ಪದಾರ್ಥ ವಿಜ್ಞಾನದ ಅಧ್ಯಾಪಕ